ಹೊಗೆಯ ಬಿಡುವು

"ಸೇದಿ ಸೇದಿ ಎದೆ ಸುಟ್ಕೊಳ್ಳೋದು ಅವರು, ಔಷಧಿಗೆ ಕಾಸು ಬಿಚ್ಚೋದು ಊರೋರೆಲ್ಲ. ಇದ್ಯಾವ ನ್ಯಾಯ, ನೀನೇ ಹೇಳಮ್ಮ?" ಎಂದರು ನಿರ್ದೇಶಕರು, ವರದಿಯ ಕೊನೆಯ ಹಾಳೆಯನ್ನು ಬೆರಳಿನಿಂದ ತಟ್ಟುತ್ತಾ.

ಲೆಕ್ಕದಕ್ಕ ನಕ್ಕಳು. ಕಚೇರಿಯಲ್ಲಿ ಜವಾನನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವಳು ಲೆಕ್ಕದಕ್ಕನೇ. ಬರಬೇಕಿಲ್ಲದ ಕಾಯಿಲೆ ಬಂದಾಗ ಸಮಾಜಕ್ಕೆ ಅದರಿಂದ ಎಷ್ಟು ಪೆಟ್ಟು ಬಿತ್ತು ಎಂದು ಅಂದಾಜು ಕಟ್ಟುವುದು ಅವಳ ಕೆಲಸ. ಆಸ್ಪತ್ರೆಯ ಹಾಸಿಗೆ, ಮಾತ್ರೆ, ತಪ್ಪಿದ ಕೂಲಿ, ರೋಗಿಯ ಪಕ್ಕ ಕೂತು ಕಾಲ ಕಳೆದ ಹೆಂಡತಿಯ ದಿನಗಳು, ಎಲ್ಲವನ್ನೂ ಅವಳು ಹೆಕ್ಕಿ ಹೆಕ್ಕಿ ಕೂಡಿಸುತ್ತಿದ್ದಳು. ಕುಡಿದು ಗಾಡಿ ಓಡಿಸಿದವರ ಮೂಳೆಯನ್ನೂ ಎಣಿಸಿದ್ದಳು, ಕೈ ತೊಳೆಯದವರ ಭೇದಿಯನ್ನೂ ಎಣಿಸಿದ್ದಳು. ಈ ಸಲದ್ದು ಎದೆಯ ಲೆಕ್ಕ.

ಊರ ಅಂಚಿನಲ್ಲಿ ಕಲ್ಲು ಕೊಯ್ಯುವ ಕಾರ್ಖಾನೆಯೊಂದಿತ್ತು. ಅಡುಗೆಮನೆಯ ಕಟ್ಟೆಗೆ ಹಾಸುವ ನುಣುಪಾದ ಹಲಗೆಗಳು ಅಲ್ಲಿ ತಯಾರಾಗುತ್ತಿದ್ದವು. ಅಲ್ಲಿನ ಕೆಲಸಗಾರರ ಆರೋಗ್ಯ ನಿಧಿ ವರ್ಷದಿಂದ ವರ್ಷಕ್ಕೆ ಸೋರಿಹೋಗುತ್ತಿತ್ತು. ಬಂದವರೆಲ್ಲ ಎದೆ ಹಿಡಿದುಕೊಂಡೇ ಬರುತ್ತಿದ್ದರು. ಇದರಲ್ಲಿ ಧೂಳಿನ ಪಾಲೆಷ್ಟು, ಅವರವರ ಚಟದ ಪಾಲೆಷ್ಟು, ಬಿಡಿಸಿ ಹೇಳಿ ಎಂದು ನಿಧಿಯವರು ಕೇಳಿದ್ದರು. ಲೆಕ್ಕದಕ್ಕ ಬಿಡಿಸಿ ಹೇಳಿದ್ದಳು: ಮುಕ್ಕಾಲು ಪಾಲು ಸಿಗರೇಟಿನದ್ದು.

"ಮೂರು ಗಂಟೆಗೆ ಕಾರ್ಖಾನೆ ಮಾಲೀಕರ ಕೋಣೇಲಿ ಸಭೆ," ಎಂದರು ನಿರ್ದೇಶಕರು. "ನಿಧಿಯ ಅಧ್ಯಕ್ಷೆ ಸಹಿ ಹಾಕಿದ್ರೆ ಮುಗೀತು. ಸೇದೋರು ಇನ್ಮೇಲೆ ಅರ್ಧ ಖರ್ಚು ತಾವೇ ಕೊಡಬೇಕು. ಗರಗಸಗಳಿಗೆಲ್ಲ ನೀರು ಬಿಡಿ, ಧೂಳು ಹೀರೋ ಯಂತ್ರ ಹಾಕಿ ಅಂತ ಒಂದು ಕೂಗಿತ್ತಲ್ಲ, ಅದೂ ತಣ್ಣಗಾಗುತ್ತೆ. ನಿನ್ನ ತಮ್ಮ ಅಲ್ಲೇ ಇದ್ರೂ ನಿನ್ನ ಕೈ ನಡುಗಲಿಲ್ಲವಲ್ಲ, ಭೇಷ್!"

ಲೆಕ್ಕದಕ್ಕನಿಗೆ ಆ ಭೇಷ್ ಎಲ್ಲೋ ಸ್ವಲ್ಪ ಚುಚ್ಚಿತು. ತಮ್ಮ ಅಲ್ಲಿ ಗರಗಸದ ಮುಂದೆ ನಿಲ್ಲುತ್ತಾನೆ ಎಂದು ಮೊದಲ ದಿನವೇ ಹೇಳಿಕೊಂಡಿದ್ದಳು. ಆ ಕೆಲಸಕ್ಕೆ ಸೇರಿದ ಮೇಲೆ ಅವನ ಅಂಗಿಯ ಜೇಬಿನಲ್ಲಿ ಸಿಗರೇಟು ಪೊಟ್ಟಣ ಕಂಡಿತ್ತು, ಅದರ ಬೆನ್ನಿಗೇ ಕೆಮ್ಮು. ಬೈದಳು, ಬೇಡಿದಳು, ಮಾತು ಬಿಟ್ಟು ನೋಡಿದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅರ್ಧ ಖರ್ಚು ತಲೆ ಮೇಲೆ ಬಿದ್ದರೆ ತಾನಾಗಿ ಬಿಡುತ್ತಾನೆ ಎಂಬುದು ಅವಳ ಒಳಗಿನ ಎಣಿಕೆ.

ಈ ವರದಿಯಲ್ಲಿ ಅವಳಿಗೆ ಹೆಮ್ಮೆ ತಂದದ್ದು ಇನ್ನೊಂದಿತ್ತು. ಚಟದ ವಿಷಯದಲ್ಲಿ ಜನ ನಿಜ ಹೇಳುವುದಿಲ್ಲ. ಆರು ಸೇದುವವರು ನಾಲ್ಕು ಎನ್ನುತ್ತಾರೆ. ಅದಕ್ಕೇ ಅವಳ ಕಸುಬಿನವರೆಲ್ಲ ಜನ ಹೇಳಿದ್ದಕ್ಕೆ ಒಂದಿಷ್ಟು ಸೇರಿಸಿಯೇ ಬರೆಯುತ್ತಾರೆ. ಈ ಕಾರ್ಖಾನೆಯಲ್ಲಿ ಮಾತ್ರ, "ಸೇದ್ತೀರಾ?" ಎಂದು ಕೇಳಿದ್ದೇ ತಡ, ಒಬ್ಬರ ಹಿಂದೊಬ್ಬರು "ಹೌದು ಮೇಡಂ" ಎಂದಿದ್ದರು. ತಮ್ಮನೂ ನೆಲ ನೋಡುತ್ತಾ ಹೌದು ಅಂದಿದ್ದ. ಇಂಥ ಪ್ರಾಮಾಣಿಕರನ್ನು ಜನ್ಮದಲ್ಲಿ ಕಂಡಿಲ್ಲ ಎಂದು ಮೆಚ್ಚಿಕೊಂಡಿದ್ದಳು. ಮೆಚ್ಚಿಕೊಂಡೇ, ರೂಢಿಯಂತೆ, ಅದರ ಮೇಲೂ ಒಂದಿಷ್ಟು ಸೇರಿಸಿದ್ದಳು.

ಫೋನು ಗುರುಗುಟ್ಟಿತು. ಅಮ್ಮ.

"ಅವನ್ನ ಅರ್ಧ ಕೆಲಸದಲ್ಲೇ ಮನೆಗೆ ಕಳಿಸಿದಾರೆ ಕಣೇ. ಮಲಗಿದ್ರೆ ಉಸಿರಿಲ್ಲ, ಕೂತ್ರೆ ಕೆಮ್ಮು ನಿಲ್ಲಲ್ಲ. ನಿನ್ನ ಕೂಡೋದು ಕಳಿಯೋದು ಎಲ್ಲ ಆಮೇಲೆ ಇಟ್ಕೋ, ಮೊದ್ಲು ಬಾ!"

ಮನೆ ಎರಡು ಬೀದಿ ಆಚೆ. ಲೆಕ್ಕದಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಓಡುನಡಿಗೆಯಲ್ಲಿ ಹೋದಳು.

ತಮ್ಮ ಕಿಟಕಿಯ ಮುಂದೆ ಸ್ಟೂಲಿನ ಮೇಲೆ ಕೂತು, ಎರಡೂ ಕೈ ಚೌಕಟ್ಟಿಗೆ ಊರಿ, ಬಾವಿಯಿಂದ ನೀರು ಸೇದುವವನಂತೆ ಉಸಿರನ್ನು ಎಳೆಯುತ್ತಿದ್ದ. ಹುಬ್ಬು, ಕಿವಿಯ ಸಂದು, ಕತ್ತಿನ ಮಡಿಕೆ ಎಲ್ಲ ಬಿಳಿ ಬಿಳಿ. ಅಮ್ಮ ಬಿಸಿನೀರಿನ ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಸೇದು, ಇನ್ನಷ್ಟು ಸೇದು!" ಹೊಸ್ತಿಲು ದಾಟುವ ಮೊದಲೇ ಲೆಕ್ಕದಕ್ಕನ ಬಾಯಿ ಶುರುವಾಯಿತು. ಗಾಬರಿಯಾದರೆ ಅವಳಿಗೆ ಬೈಗುಳವೇ ಮೊದಲು ಬರುವುದು. "ಅಮ್ಮನ ಹೊಟ್ಟೆ ಉರಿಸೋಕೆ ಅಂತಾನೇ ಹುಟ್ಟಿದೀಯಾ ನೀನು? ಎಲ್ಲೋ ಆ ದರಿದ್ರ ಪೊಟ್ಟಣ?"

ಅಂಗಿ ಗೂಟಕ್ಕೆ ನೇತಾಡುತ್ತಿತ್ತು. ಜೇಬಿಗೆ ಕೈ ಹಾಕಿ ಪೊಟ್ಟಣ ಕಿತ್ತುಕೊಂಡು ಸೀದಾ ನಲ್ಲಿಯ ಹತ್ತಿರ ಹೋದಳು. ಅಲ್ಲಿಯವರೆಗೆ ತಲೆ ಎತ್ತಲಾಗದೆ ಕೂತಿದ್ದವನು ದಡಕ್ಕನೆ ಎದ್ದ.

"ಅಕ್ಕಾ, ಬೇಡ! ಅದಿಲ್ದಿದ್ರೆ ನಾಳೆ ಒಳಗೇ ಸಾಯ್ಬೇಕು ನಾನು!"

"ಸಾಯೋದು ಅದರಿಂದಾನೇ ಕಣೋ!"

"ನೀರಿಗೆ ಹಾಕಿದ್ರೆ ಅದಕ್ಕೇನಾಗುತ್ತೆ?" ಎಂದಳು ಅಮ್ಮ, ಪಾತ್ರೆ ಕೆಳಗಿಡುತ್ತಾ. "ಎಷ್ಟು ಸಲ ಅಂಗಿ ಜೊತೆ ನೆನೆಸಿ ಒಗೆದಿದೀನೋ. ಇವನು ಬಿಸಿಲಿಗೆ ಒಣಹಾಕಿ ಮತ್ತೆ ಅದನ್ನೇ ಜೇಬಿಗೆ ಇಳಿಸ್ತಾನೆ. ಇಂಥ ಜಿಪುಣ ಸೇದುಗಾರನ್ನ ನಾನಂತೂ ಕಂಡಿಲ್ಲಮ್ಮ."

ಲೆಕ್ಕದಕ್ಕನ ಕೈ ನಲ್ಲಿಯ ಮೇಲೆಯೇ ನಿಂತಿತು. ಪೊಟ್ಟಣ ಬಿಚ್ಚಿದಳು. ಒಳಗಿನ ಸಿಗರೇಟುಗಳು ಹಳದಿಗಟ್ಟಿ, ಉಬ್ಬಿ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಒಂದನ್ನು ಎಳೆದರೆ ತಂಬಾಕು ಹೊಟ್ಟಿನ ಹಾಗೆ ಉದುರಿತು.

"ಇದನ್ನ ಸೇದೋದಾದ್ರೂ ಹೇಗೋ?"

"ಸೇದಲ್ಲ."

"ಮತ್ತೆ?"

"ಹಿಡ್ಕೋತೀನಿ." ಅವನು ಮತ್ತೆ ಕೂತ. ಮಾತು ತುಂಡು ತುಂಡಾಗಿ ಬಂತು. "ಒಳಗೆ ಗರಗಸ ಓಡೋವಾಗ... ಎದುರಿಗೆ ನಿಂತೋನ ಮುಖ ಕಾಣಲ್ಲ ಅಕ್ಕ. ನೀರು ಬಿಟ್ಟು ಕೊಯ್ದರೆ ಧೂಳು ಏಳಲ್ಲ. ಆದ್ರೆ ಕೆಲಸ ನಿಧಾನ ಆಗುತ್ತೆ, ಅದಕ್ಕೆ ನಲ್ಲಿ ಬಂದ್. ಸುಮ್ನೆ ಹೊರಗೆ ಹೋಗ್ತೀನಿ ಅಂದ್ರೆ ಬಿಡಲ್ಲ. ಸೇದೋರಿಗೆ ಮಾತ್ರ ಬೆಳಿಗ್ಗೆ ಒಂದು ಬಿಡುವು, ಮಧ್ಯಾಹ್ನ ಒಂದು, ಹಿತ್ತಿಲ ಗೋಡೆ ಹತ್ರ. ಮಾಲೀಕರೂ ಸೇದ್ತಾರಲ್ಲ, ಸೇದೋರ ಸಂಕಟ ಅವರಿಗೆ ಅರ್ಥ ಆಗುತ್ತೆ. ಉಸಿರು ಕಟ್ಟೋರದ್ದು ಆಗಲ್ಲ."

"ಅಂದ್ರೆ... ನೀವೆಲ್ಲ?"

"ಎಲ್ಲರೂ ಅಷ್ಟೇ. ಪಾಲಿಶ್ ಮಾಡೋ ಹೊಗೆಯಣ್ಣ ಒಬ್ಬ ನಿಜವಾಗ್ಲೂ ಸೇದ್ತಾನೆ. ಮೇಸ್ತ್ರಿ ಮೇಲಿಂದ ನೋಡಿದ್ರೆ ಒಂದಿಷ್ಟು ಹೊಗೆ ಕಾಣ್ಬೇಕಲ್ಲ? ಅವನು ಊದಿದ್ದೇ ನಮಗೆಲ್ಲ ಸಾಕು."

ಲೆಕ್ಕದಕ್ಕನಿಗೆ ನಗು ಬಂತು. ಅವಳು ಪೊಟ್ಟಣವನ್ನು ಮತ್ತೆ ಮುಚ್ಚಿದಳು.

"ನಾನು ಕೇಳಿದಾಗ ಹೌದು ಅಂದೆಯಲ್ಲೋ!"

"ನೀನು ಕೇಳಿದ್ದೆಲ್ಲಿ? ಮೇಸ್ತ್ರಿ ಕೋಣೇಲಿ. ಅವನು ಪಕ್ಕದ ಮೇಜಲ್ಲೇ ಕಿವಿ ಬಿಟ್ಕೊಂಡು ಚಹಾ ಕುಡೀತಿದ್ದ. ಇಲ್ಲ ಅನ್ನೋಕೆ ನಮಗೇನು ತಲೆ ಕೆಟ್ಟಿತ್ತಾ?"

"ಮನೇಲಾದ್ರೂ ಬಾಯಿ ಬಿಡಬಾರದಿತ್ತಾ?"

"ಬಿಟ್ಟಿದ್ರೆ ನೀನು ಬರೀತಿದ್ದೆ. ಕಿವಿಗೆ ಬಿದ್ದಿದ್ದನ್ನ ಬರೀದೆ ಬಿಟ್ಟೋಳಾ ನೀನು?"

ಅಮ್ಮ ನಡುವೆ ಬಾಯಿ ಹಾಕಿ, "ಆಸ್ಪತ್ರೇಲೂ ಅದನ್ನೇ ಹೇಳಿದಾನೆ ಮಹಾರಾಯ," ಎಂದಳು. "ಡಾಕ್ಟ್ರು ಕೇಳಿದ್ದಕ್ಕೆ ಸೇದ್ತೀನಿ ಅಂದ. ಸರಿ, ಬಿಟ್ಟುಬಿಡು ವಾಸಿಯಾಗುತ್ತೆ ಅಂತ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ರು. ಎದೆ ಚಿತ್ರಾನೂ ತೆಗೀಲಿಲ್ಲ."

"ಆ ಚೀಟಿ ಮೇಸ್ತ್ರಿ ಕೈಗೆ ಹೋಗುತ್ತಮ್ಮ, ಇನ್ನೇನು ಹೇಳ್ಲಿ?" ತಮ್ಮ ಅಕ್ಕನ ಸೆರಗು ಹಿಡಿದುಕೊಂಡ. ಚಿಕ್ಕಂದಿನಲ್ಲಿ ನಾಯಿ ಕಂಡರೆ ಹೀಗೇ ಹಿಡಿಯುತ್ತಿದ್ದ. "ಅಕ್ಕ, ನೀನು ಬಾಯಿ ಬಿಡಬೇಡ. ಸುಳ್ಳು ಹೇಳಿ ಹೊರಗೆ ನಿಂತಿದ್ದಕ್ಕೆಲ್ಲ ಕೂಲಿ ಹಿಡೀತಾರೆ. ಬಿಡುವೂ ಹೋಗುತ್ತೆ. ನನ್ನೊಬ್ಬಂದಲ್ಲ, ಎಲ್ಲರದ್ದೂ."

"ಬಿಡದಿದ್ರೆ ಏನಾಗುತ್ತೆ ಗೊತ್ತೇನೋ ನಿನಗೆ? ಇವತ್ತು ಮೂರು ಗಂಟೆಗೆ ನನ್ನ ವರದಿಗೆ ಸಹಿ ಬೀಳುತ್ತೆ. ನಿಮ್ಮ ಔಷಧಿ ಖರ್ಚು ಅರ್ಧ ನಿಮ್ಮ ತಲೆಗೇ. ಆ ನೀರಿನ ನಲ್ಲಿ ಮತ್ತೆ ತಿರುಗಲ್ಲ. ಧೂಳಿಗೆ ತಪ್ಪೇ ಇಲ್ಲ ಅಂತ ನಾನೇ ಬರೆದುಕೊಟ್ಟಿದೀನಿ."

ತಮ್ಮ ಅವಳ ಮುಖವನ್ನೇ ನೋಡಿದ. ಸೆರಗು ಬಿಟ್ಟ. ಕೆಮ್ಮು ಮತ್ತೆ ಬಂತು, ಮಾತಿಗೆ ಜಾಗ ಕೊಡದ ಕೆಮ್ಮು.

"ಅಮ್ಮಾ, ಇವನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು," ಎಂದು ಲೆಕ್ಕದಕ್ಕ ಆಟೋ ಕರೆದಳು. ಪೊಟ್ಟಣ ಅವಳ ಕೈಯಲ್ಲೇ ಉಳಿಯಿತು.

ಕಾರ್ಖಾನೆಯ ದಾರಿಯುದ್ದಕ್ಕೂ ಅವಳ ತಲೆ ಗಾಣದಂತೆ ತಿರುಗಿತು. ಹೇಳಿದರೆ ಅವರ ಒಂದಿಷ್ಟು ಗಾಳಿಯನ್ನು ತಾನೇ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಧೂಳಿಗೆ ತಾನೇ ಕಾವಲು ನಿಂತ ಹಾಗೆ. ತಮಾಷೆಯೆಂದರೆ ವರದಿಯಲ್ಲಿ ಆ ಬಿಡುವನ್ನೂ ಅವಳು ನಷ್ಟದ ಕಡೆಗೇ ಬರೆದಿದ್ದಳು: ಸೇದುವವರು ಹೊರಗೆ ನಿಂತು ಕಳೆದ ಕೆಲಸದ ಹೊತ್ತು. ಮಾಲೀಕರು ಆ ಅಂಕಿಯನ್ನು ತಾವಾಗಿಯೇ ಖುಷಿಯಿಂದ ಕೊಟ್ಟಿದ್ದರು.

ಗೇಟಿನ ಹತ್ತಿರ ಹೊಗೆಯಣ್ಣ ಗಾಡಿಗೆ ಹಲಗೆ ಏರಿಸುತ್ತಿದ್ದ. ನರೆತ ಮೀಸೆ, ಕಿವಿಯ ಮೇಲೆ ಒಂದು ಸಿಗರೇಟು.

"ನಿನ್ನ ತಮ್ಮ ಹೇಗಿದಾನಮ್ಮ?" ಎಂದವನ ಕಣ್ಣು ಅವಳ ಕೈಯಲ್ಲಿದ್ದ ಪೊಟ್ಟಣಕ್ಕೆ ಬಿತ್ತು. ಹಲಗೆಯನ್ನು ನಿಧಾನವಾಗಿ ಇಳಿಸಿದ. "ಗೊತ್ತಾಗಿಹೋಯ್ತಾ?"

"ಗೊತ್ತಾಯ್ತು."

"ಹೇಳ್ತೀಯಾ ಮೇಲೆ?"

"ಹೇಳದೆ ಇರೋಕಾಗಲ್ಲಣ್ಣ. ಆದ್ರೆ ಹೇಗೆ ಹೇಳ್ಲಿ ಅಂತ ತೋಚ್ತಾ ಇಲ್ಲ."

ಹೊಗೆಯಣ್ಣ ಕಿವಿಯ ಮೇಲಿನ ಸಿಗರೇಟು ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟ. "ನಾನು ಬಿಡ್ತೀನಿ ಅಂದಾಗೆಲ್ಲ ಈ ಹುಡುಗ್ರು ಕಾಲಿಗೆ ಬೀಳ್ತಾರೆ. ನೀನು ಬಿಟ್ರೆ ನಾವು ಕೆಟ್ವಿ ಅಣ್ಣ ಅಂತ. ಇಡೀ ಕಾರ್ಖಾನೆ ಪರವಾಗಿ ಸೇದ್ತಾ ಇದೀನಿ ನೋಡು, ಇಂಥ ನೌಕರಿ ಎಲ್ಲಾದ್ರೂ ಉಂಟಾ?" ನಕ್ಕ, ನಗು ಕಣ್ಣಿನವರೆಗೆ ಹೋಗಲಿಲ್ಲ. "ತಾಯಿ, ನ್ಯಾಯ ಕೊಡಿಸ್ತೀನಿ ಅಂತ ಹೊರಟು ಇರೋ ಗೋಡೇನೂ ಕಿತ್ಕೋಬೇಡ. ಅಷ್ಟೇ ಕೇಳೋದು."

ಮಾಲೀಕರ ಕೋಣೆ ಮಹಡಿಯ ಮೇಲಿತ್ತು. ಕಿಟಕಿಯಿಂದ ಹಿತ್ತಿಲ ಗೋಡೆ ನೇರ ಕಾಣುತ್ತಿತ್ತು. ಮಾಲೀಕರು ಸಿಗರೇಟು ಹಚ್ಚಿ, "ಕ್ಷಮಿಸಿ, ನನಗೂ ಇದೇ ರೋಗ," ಎಂದು ನಗಾಡಿದರು. ನಿಧಿಯ ಅಧ್ಯಕ್ಷೆ ಹಿಂದೆ ದಾದಿಯಾಗಿದ್ದ ಮುದುಕಿ. ಕನ್ನಡಕವನ್ನು ದಾರದಲ್ಲಿ ಕತ್ತಿಗೆ ತೂಗುಹಾಕಿಕೊಂಡಿದ್ದರು. "ಕಿಟಕಿ ತೆಗೀರಪ್ಪ ಮೊದ್ಲು," ಎಂದರು. ನಿರ್ದೇಶಕರು ವರದಿ ಓದಿದರು. ಮುಕ್ಕಾಲು ಪಾಲು ಎಂಬ ಮಾತು ಬಂದಾಗ ಮಾಲೀಕರು ತಲೆಯಾಡಿಸಿ, "ನಾನು ಮೊದಲಿಂದಲೂ ಬಾಯಿ ಬಡ್ಕೊಂಡಿದ್ದು ಇದನ್ನೇ," ಎಂದರು.

ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು.

"ಅಮ್ಮಾ, ಒಂದು ನಿಮಿಷ." ತನ್ನ ದನಿ ತನಗೇ ಬೇರೆಯವರದ್ದೆನಿಸಿತು ಲೆಕ್ಕದಕ್ಕನಿಗೆ. ಮೇಜಿನ ಕೆಳಗೆ ಚೀಲವನ್ನು ಬಿಗಿಯಾಗಿ ಹಿಡಿದಿದ್ದಳು. "ಅದಕ್ಕೆ ಮುಂಚೆ ಸಣ್ಣದೊಂದು ಸಂಗತಿ. ಮಾಲೀಕರೇ, ಸೇದದೇ ಇರೋರಿಗೆ ಬಿಡುವಿದೆಯಾ?"

"ಅವರಿಗ್ಯಾಕೆ? ಅಂಥೋರು ನಮ್ಮಲ್ಲಿ ಇಲ್ಲವೇ ಇಲ್ಲವಲ್ಲ!"

"ಅದೇ ನೋಡಿ. ಸೇದಿದ್ರೆ ಬಿಡುವು ಅಂದ್ರೆ ಚಟಕ್ಕೆ ಬಹುಮಾನ ಕೊಟ್ಟ ಹಾಗಾಯ್ತು. ಬಿಡ್ತೀನಿ ಅಂದೋನಿಗೆ ಬಿಡುವೇ ಹೋಗುತ್ತೆ, ಯಾಕೆ ಬಿಡ್ತಾನೆ? ನಿಧಿ ದಂಡ ಹಾಕೋದು, ನೀವು ಬೆನ್ನು ತಟ್ಟೋದು, ಸರಿಹೋಗಲ್ಲ. ಸೇದಲಿ ಬಿಡಲಿ, ಎಲ್ಲರಿಗೂ ಅದೇ ಬಿಡುವು ಅಂತ ಇವತ್ತೇ ಬರೆದುಬಿಡಿ."

"ಹೌದಲ್ಲ!" ಎಂದರು ಅಧ್ಯಕ್ಷೆ. "ಇದು ತಲೆಗೇ ಹೋಗಿರಲಿಲ್ಲ."

ಮಾಲೀಕರು ಬೂದಿ ಕೊಡವಿ ಒಂದು ಕ್ಷಣ ಯೋಚಿಸಿದರು. ಹೇಗೂ ಎಲ್ಲರೂ ಹೋಗುತ್ತಿದ್ದಾರೆ; ಇಲ್ಲದವರಿಗೆ ಕೊಡುವುದರಿಂದ ಗಂಟೇನು ಹೋಗುತ್ತದೆ? "ಬರ್ಕೊಳ್ಳಿ, ಬರ್ಕೊಳ್ಳಿ. ನನ್ನ ಮನಸ್ಸು ದೊಡ್ಡದು."

ಲೆಕ್ಕದಕ್ಕ ಹಾಳೆಯೊಂದರಲ್ಲಿ ಬರೆಯುತ್ತಾ ಹೇಳಿದಳು: "ಹಿಂದೆ ತಗೊಂಡ ಬಿಡುವಿಗೆ ಯಾರ ಕೂಲಿಯನ್ನೂ ಹಿಡಿಯೋದಿಲ್ಲ ಅಂತಲೂ ಒಂದು ಸಾಲು."

ಮಾಲೀಕರ ಕೈ ಅರ್ಧದಲ್ಲಿ ನಿಂತಿತು. "ಅದ್ಯಾಕಮ್ಮ?"

ನಿರ್ದೇಶಕರು ಕನ್ನಡಕದ ಮೇಲಿಂದ ಲೆಕ್ಕದಕ್ಕನನ್ನೇ ನೋಡುತ್ತಿದ್ದರು. ಸುಳ್ಳಾಡುವುದು ಅವಳಿಗೆ ಒಗ್ಗದು. ಆದರೆ ಅವಳಲ್ಲಿ ಒಂದು ನಿಜವಿತ್ತು, ಅಷ್ಟನ್ನೇ ಕೊಟ್ಟಳು. "ಇಷ್ಟು ದಿನದ್ದು ನೆನೆಸ್ಕೊಂಡು ಹೆದರಿದ್ರೆ ನಾಳೆ ಯಾರೂ ನಿಜ ಹೇಳಲ್ಲ, ಅದಕ್ಕೆ."

"ಹಾಕಿ ಹಾಕಿ," ಎಂದರು ಅಧ್ಯಕ್ಷೆ. "ಹೆದರಿಸಿ ಯಾರ ಚಟಾನೂ ಬಿಡಿಸೋಕಾಗಲ್ಲ. ನಲವತ್ತು ವರ್ಷ ಆಸ್ಪತ್ರೇಲಿ ಸವೆದೋಳು ನಾನು." ಮಾಲೀಕರು ಭುಜ ಹಾರಿಸಿ ಸಹಿ ಹಾಕಿದರು. ಅಧ್ಯಕ್ಷೆ ಅದರ ಕೆಳಗೆ ಹಾಕಿದರು. ಲೆಕ್ಕದಕ್ಕ ಆ ಹಾಳೆಯನ್ನು ಎಳೆದು ತನ್ನ ಮುಂದೆ ಇಟ್ಟುಕೊಂಡಳು. ಆಮೇಲೆ ಪೊಟ್ಟಣವನ್ನು ತೆಗೆದು ಮೇಜಿನ ಮಧ್ಯೆ ಇಟ್ಟಳು.

"ಈಗ ನನ್ನ ಮುಕ್ಕಾಲು ಪಾಲನ್ನ ವಾಪಸ್ ತಗೋತಾ ಇದೀನಿ. ಆ ಲೆಕ್ಕ ತಪ್ಪು."

ಕೆಳಗೆ ಗಂಟೆ ಹೊಡೆಯಿತು, ಮಧ್ಯಾಹ್ನದ ಬಿಡುವು. ಮಾಲೀಕರು ಪೊಟ್ಟಣ ಬಿಚ್ಚಿದರು. ಸಿಗರೇಟಿನ ವಿಷಯದಲ್ಲಿ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದನ್ನು ಬೆರಳಲ್ಲಿ ಹೊಸಕಿ, ಮೂಸಿ ನೋಡಿದರು. "ಇದು ಸೇದೋರ ಪೊಟ್ಟಣವೇ ಅಲ್ಲ," ಎಂದವರು ಹಾಗೇ ತಡೆದು, ತಲೆ ತಿರುಗಿಸಿ ಕಿಟಕಿಯ ಕಡೆ ನೋಡಿದರು.

ಅಧ್ಯಕ್ಷೆ ಆಗಲೇ ಎದ್ದು ಅಲ್ಲಿ ನಿಂತಿದ್ದರು. ಕನ್ನಡಕ ಒರೆಸಿ ಹಾಕಿಕೊಂಡರು. ಗೋಡೆಯ ಬುಡದಲ್ಲಿ ಬಿಳಿ ಹಿಟ್ಟಿನಲ್ಲಿ ಹೊರಳಿದಂತಿದ್ದ ಆರೇಳು ಜನ, ಎಲ್ಲರ ಕೈಯಲ್ಲೂ ಸಿಗರೇಟು. ಬಾಯಿ ತೆರೆದು ಆಕಾಶ ನೋಡುತ್ತಾ ಉಸಿರಾಡುತ್ತಿದ್ದರು.

"ಹೊಗೆ ಒಂದೇ ಕಡೆಯಿಂದ ಬರ್ತಾ ಇದೆ," ಎಂದರು ಅಧ್ಯಕ್ಷೆ.

"ಏನಾಟ ಹೂಡಿದೀರಿ ನೀವು?" ಮಾಲೀಕರ ಮುಖ ಕೆಂಡವಾಯಿತು. "ತಮ್ಮನ್ನ ಉಳಿಸ್ಕೊಳ್ಳೋಕೆ ನನ್ನ ತಲೆ ಮೇಲೆ ಗೂಬೆ ಕೂರಿಸ್ತೀರಾ?"

"ತಮ್ಮ ಇರೋದು ನಿಜ. ಅದಕ್ಕೇ ಮತ್ತೆ ಕೇಳೋ ಕೆಲಸ ನನಗೆ ಕೊಡಬೇಡಿ, ಬೇರೆಯವರು ಬಂದು ಕೇಳಲಿ. ಆದ್ರೆ ಮೇಸ್ತ್ರಿ ಕೋಣೇಲಿ ಬೇಡ, ಆ ಗೋಡೆ ಹತ್ರ ನಿಂತು ಕೇಳಲಿ. ಎಲ್ಲರ ಎದೆ ಚಿತ್ರಾನೂ ತೆಗೆಸಲಿ. ನಾನು ಕೇಳಬಾರದ ಜಾಗದಲ್ಲಿ ಕೇಳಿದೆ, ಮೇಲಿಂದ ಒಂದಿಷ್ಟು ಸೇರಿಸಿದೆ. ತಪ್ಪು ನನ್ನದು, ಅವರದ್ದಲ್ಲ."

"ಕಚೇರಿ ಮಾನ ಹರಾಜು ಹಾಕಿದೆಯಲ್ಲಮ್ಮ," ಎಂದರು ನಿರ್ದೇಶಕರು ಹಲ್ಲು ಕಚ್ಚಿ. "ಇನ್ನು ಈ ವರದಿ ಹತ್ತಿರ ಸುಳೀಬೇಡ ನೀನು. ಹೊರಗೆ ಹೋಗಿರು."

ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. "ಅರ್ಧ ಖರ್ಚಿನ ಮಾತು ಇವತ್ತಿಗೆ ನಿಲ್ಲಲಿ," ಎಂದರು ಕಿಟಕಿಯಿಂದ ತಿರುಗದೆಯೇ. "ಮಾಲೀಕರೇ, ಗರಗಸಕ್ಕೆ ನೀರು ಬಿಡಿ ಅಂತ ಕೂಗಿತ್ತಲ್ಲ, ಆ ನಲ್ಲಿ ಯಾಕೆ ಮುಚ್ಚಿದೆ ಅಂತ ನನಗೆ ಸ್ವಲ್ಪ ತಿಳಿಸಿ ಹೇಳಿ."

ಲೆಕ್ಕದಕ್ಕ ಮೆಟ್ಟಿಲಿಳಿದಳು. ಹಿತ್ತಿಲಿಗೆ ಬಂದರೆ ಎಲ್ಲರ ಕಣ್ಣೂ ಅವಳ ಮೇಲೆ.

"ಏನಾಯ್ತು ತಾಯಿ? ಗೋಡೆ ಉಳೀತಾ?" ಹೊಗೆಯಣ್ಣ ಕೇಳಿದ.

"ಉಳೀತು. ಬಿಡುವು ಎಲ್ಲರಿಗೂ, ಸಹಿ ಬಿದ್ದಿದೆ. ಕೂಲೀನೂ ಹಿಡಿಯೋ ಹಾಗಿಲ್ಲ. ಕೈಯಲ್ಲಿ ಏನೂ ಹಿಡ್ಕೊಂಡು ನಿಲ್ಲಬೇಕಾಗಿಲ್ಲ ಇನ್ಮೇಲೆ."

"ನೀರು?"

"ಮೇಲೆ ಅದೇ ಮಾತು ನಡೀತಿದೆ. ಏನಾಗುತ್ತೋ ಗೊತ್ತಿಲ್ಲ."

"ಹಾಗಾದ್ರೆ ನನ್ನ ನೌಕರಿ ಹೋಯ್ತು ಅನ್ನು," ಎಂದ ಹೊಗೆಯಣ್ಣ. ಯಾರೋ ನಗಲು ಹೋಗಿ ಕೆಮ್ಮಿದರು.

ಫೋನು ಬಂತು. ಅಮ್ಮನ ಹಿಂದೆ ಆಸ್ಪತ್ರೆಯ ಗದ್ದಲ. "ಡಾಕ್ಟ್ರು ಮತ್ತೆ ಅದೇ ಕೇಳ್ತಿದಾರೆ ಕಣೇ, ಸೇದ್ತಾನಾ ಅಂತ. ಇವನು ನನ್ನ ಮುಖ ನೋಡ್ತಾ ಕೂತಿದಾನೆ. ಏನು ಹೇಳ್ಲಿ?"

"ಇಲ್ಲ ಅಂತ ಹೇಳಮ್ಮ. ಒಂದು ದಿನಾನೂ ಸೇದಿಲ್ಲ, ಕಲ್ಲು ಕೊಯ್ತಾನೆ, ನೀರಿಲ್ದೆ ಕೊಯ್ತಾನೆ ಅಂತ ಹೇಳು. ಹಾಗೇ ಬರೆಸು. ಎದೆ ಚಿತ್ರ ತೆಗೀದೆ ಅಲ್ಲಿಂದ ಏಳಬೇಡಿ."

"ಇಲ್ಲ ಅಂತಾನೇ ತಾನೆ?"

"ಇಲ್ಲ ಅಂತಾನೇ."

ಗಂಟೆ ಹೊಡೆಯಿತು. ಒಬ್ಬೊಬ್ಬರಾಗಿ ಕೈಯಲ್ಲಿದ್ದದ್ದನ್ನು ಗೋಡೆಯ ಮೇಲಿಟ್ಟು ಒಳಗೆ ನಡೆದರು. ಗರಗಸ ಕಿರುಚತೊಡಗಿತು, ಬಾಗಿಲಿನಿಂದ ಧೂಳು ಬುಸ್ಸೆಂದು ಹೊರಬಂದು, ಗೋಡೆ ಹತ್ತಿ, ಮಹಡಿಯವರೆಗೂ ಏರಿತು. ಲೆಕ್ಕದಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ತಲೆ ಎತ್ತಿದಳು. ಅಧ್ಯಕ್ಷೆ ಕರವಸ್ತ್ರ ಮೂಗಿಗೆ ಹಿಡಿದು ಅಲ್ಲೇ ನಿಂತಿದ್ದರು. ಹಿಂದಿನಿಂದ ಮಾಲೀಕರ ಕೈ ಕಿಟಕಿ ಎಳೆಯಲು ಬಂತು. ಅಧ್ಯಕ್ಷೆ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.